ಕುರುಡುಮಲೆ ದಾರಿಯಲ್ಲಿ ದೋಸೆಯೇ ಹೀರೋ!

ಗಾಂಧಿನಗರದ ನಿರ್ಮಾಪಕರಿಗೆ ಮುಹೂರ್ತ ಅಂದರೆ ಮೊದಲು ನೆನಪಾಗುವುದು ಗಣಪನ ಗುಡಿ. ಕ್ಲಾಪ್ ಮಾಡಲು ಒಬ್ಬ ಮಂತ್ರಿ, ಕ್ಯಾಮೆರಾ ಸ್ವಿಚ್ ಒತ್ತಲು ಇನ್ನೊಬ್ಬ ಮಂತ್ರಿ, ಕಾಯಿ ಒಡೆಯಲು ಹೀರೋ! ಸರಿ, ಆ ಮಂತ್ರಿಗಳಿಗೇ ಮುಹೂರ್ತ ಬೇಕಾದರೆ? ಅವರು ಹಿಡಿಯುವುದು ಕುರುಡುಮಲೆ ದಾರಿ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆಯ ಬಸ್ಸು ಹತ್ತಿದ್ದು ಈ ಗಣಪನಿಗೆ ಕೈ ಮುಗಿದ ಮೇಲೆ. ಅದೇ ವರ್ಷ ಮುಖ್ಯಮಂತ್ರಿ ಕುರ್ಚಿ ಸಿಕ್ಕಿತು. ಅಲ್ಲಿಂದ ಪಕ್ಷಭೇದವಿಲ್ಲದೆ ಕ್ಯೂ! 2022ರ ನವೆಂಬರಿನಲ್ಲಿ ಕುಮಾರಸ್ವಾಮಿ ಪಂಚರತ್ನ ರಥ ಹೊರಡಿಸಿದರು, 2023ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಬಂದರು. ಮೇ ತಿಂಗಳಲ್ಲಿ ರಿಸಲ್ಟ್ ಬಂದಾಗ ಒಬ್ಬರ ಪಕ್ಷಕ್ಕೆ 19, ಇನ್ನೊಬ್ಬರ ಪಕ್ಷಕ್ಕೆ 135. ಗಣಪ ಒಬ್ಬನೇ, ಮುಹೂರ್ತವೂ ಒಂದೇ ಥರ.... ಒಂದು ಪಿಕ್ಚರ್ ಸಿಲ್ವರ್ ಜ್ಯುಬಿಲಿ, ಇನ್ನೊಂದು ಎರಡನೇ ವಾರಕ್ಕೇ ಎತ್ತಂಗಡಿ. ಗಾಂಧಿನಗರದವರಿಗೆ ಇದೇನು ಹೊಸದಲ್ಲ ಬಿಡಿ.

ರಾಜಕೀಯ ನಮ್ಮ ಪುಟವಲ್ಲ. ಈ ಪತ್ರಿಕೆ ಕೊಳ್ಳುವವರು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಓದುವ ಹುಡುಗರು. ಜೇಬಿನಲ್ಲಿ ಐನೂರರ ಒಂದೇ ನೋಟು, ಭಾನುವಾರ ಒಂದೇ ರಜ. ಅವರು ಕೇಳುವುದು ಇಷ್ಟೇ: ಗುರುವೇ, ಕುರುಡುಮಲೆಗೆ ಹೋದರೆ ಹೊಟ್ಟೆಗೇನು? ಅದಕ್ಕೇ ಈ ಬರಹ. ನಾನೂ ನಮ್ಮ ಫೋಟೋಗ್ರಾಫರ್ ಗೆಳೆಯನೂ ಮೆಜೆಸ್ಟಿಕ್‌ನಲ್ಲಿ ಬೆಳಗಿನ ತಿರುಪತಿ ಬಸ್ಸು ಹತ್ತಿದೆವು. ಅವನ ಹೆಗಲಲ್ಲಿ ಕ್ಯಾಮೆರಾ ಇತ್ತು, ಹೊಟ್ಟೆ ಖಾಲಿ ಇತ್ತು. ಸಂಜೆ ಹೊತ್ತಿಗೆ ಹೊಟ್ಟೆ ತುಂಬಿತ್ತು, ಕ್ಯಾಮೆರಾ ಖಾಲಿ!

ಹೊಸಕೋಟೆ ದಾಟುವಾಗ ಅವನು ಕಿಟಕಿಗೆ ಮೂಗು ಹಚ್ಚಿ ಕೂತ. ತಪ್ಪೇನಿಲ್ಲ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಇಲ್ಲಿ ದಮ್ ಬಿರಿಯಾನಿಗೆ ಜನ ಸಾಲು ನಿಲ್ಲುತ್ತಾರೆ. ಬೆಂಗಳೂರಿನಿಂದ ಬೈಕು, ಕಾರು, ನೈಟ್ ಶಿಫ್ಟ್ ಮುಗಿಸಿದ ಕಂಪ್ಯೂಟರ್ ಹುಡುಗರು ಎಲ್ಲ ಹಾಜರು. ಸ್ಟಾರ್ ಪಿಕ್ಚರಿನ ಮೊದಲ ದಿನ ಮೊದಲ ಶೋಗೂ ಇಷ್ಟು ಶಿಸ್ತಿನ ಕ್ಯೂ ನಾನು ಕಂಡಿಲ್ಲ. ಬಿರಿಯಾನಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ನಿದ್ದೆ ಕೆಟ್ಟು, ಚಳಿಯಲ್ಲಿ ನಿಂತು, ಹಸಿದು ತಿಂದರೆ ಯಾವುದು ಚೆನ್ನಾಗಿರುವುದಿಲ್ಲ ಹೇಳಿ!

ಕೋಲಾರದಲ್ಲಿ ಇಳಿಯಲಿಲ್ಲ. ಅಂತರಗಂಗೆ, ಕೋಲಾರಮ್ಮ, ಹೈದರಾಲಿಯ ತಂದೆಯ ಗೋರಿ.... ಅದೆಲ್ಲ ಬೇರೆ ದಿನಕ್ಕೆ. ಇನ್ನು ಮೂವತ್ತು ಕಿಲೋಮೀಟರು ಹೋದರೆ ಬೆಟ್ಟದ ಬಂಡೆಗಳು ಒಂದರ ಮೇಲೊಂದು ಕೂತಿರುವ ಊರು ಬರುತ್ತದೆ. ಅದೇ ಮುಳಬಾಗಿಲು. ಮೂಡಲ ಬಾಗಿಲು ಅಂತ ಹಳೆ ಹೆಸರು. ಮೈಸೂರು ಸೀಮೆಗೆ ಪೂರ್ವದ ಹೆಬ್ಬಾಗಿಲು. ಈ ಬಾಗಿಲಿಗಾಗಿ 1768ರಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ ಯುದ್ಧವೇ ಆಗಿದೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇಲ್ಲೇ. ಇಂಥ ಊರಿಗೆ ಇವತ್ತು ಬೆಂಗಳೂರಿನ ಹುಡುಗರು ಬರುವುದು ಯಾವುದಕ್ಕೆ? ಕಗ್ಗಕ್ಕಲ್ಲ, ಕೋಟೆಗಲ್ಲ. ದೋಸೆಗೆ!

ಹೆದ್ದಾರಿ ಊರ ಹೊರಗೇ ಹೋಗುತ್ತದೆ. ಕಾರಿನವರು ಅಲ್ಲೇ ಬಣ್ಣದ ದೀಪದ ಢಾಬಾ ಕಂಡು ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸಬೇಡಿ! ಹಿಂದೊಮ್ಮೆ ಅಂಥ ಒಂದು ಕಡೆ ಕೂತಿದ್ದೆ. ಮೆನು ಕಾರ್ಡು ವೆಡ್ಡಿಂಗ್ ಕಾರ್ಡಿನಷ್ಟು ದಪ್ಪ, ಮಾಣಿಗೆ ಟೈ, ದೋಸೆ ಮಾತ್ರ ಚಪ್ಪಲಿಯ ಅಟ್ಟೆ. ಊರೊಳಗೆ ಬನ್ನಿ. ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ನಡೆಯಿರಿ. ಯಾರನ್ನೂ ದಾರಿ ಕೇಳಬೇಕಾಗಿಲ್ಲ, ತುಪ್ಪದ ವಾಸನೆ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ.

ನಾವು ಹೊಕ್ಕ ಹೋಟೆಲಿಗೆ ಬೋರ್ಡು ಇತ್ತೋ ಇಲ್ಲವೋ, ಹೊಗೆ ಹಿಡಿದು ಓದಲು ಬರುವಂತಿರಲಿಲ್ಲ. ಏಳೆಂಟು ಮೇಜು. ಗೋಡೆಯ ಮೇಲೆ ಒಂದು ಕಡೆ ಗಣಪ, ಇನ್ನೊಂದು ಕಡೆ ಅಣ್ಣಾವ್ರು, ನಡುವೆ ಸುಣ್ಣ ಬಿಟ್ಟ ಜಾಗದಲ್ಲಿ ಕ್ಯಾಲೆಂಡರು. ಒಳಗೆ ಹೌಸ್‌ಫುಲ್! ತಿನ್ನುತ್ತಿರುವವರ ಬೆನ್ನ ಹಿಂದೆಯೇ ಜನ ನಿಂತಿರುತ್ತಾರೆ. ನಮ್ಮ ಗೆಳೆಯನಂತೂ ಒಬ್ಬ ಪೊಲೀಸಿನವರ ಹಿಂದೆ ನಿಂತು ಅವರ ಒಂದೊಂದು ತುತ್ತನ್ನೂ ಎಣಿಸಿದ.

ದೋಸೆಯ ವಿಚಾರ ಕೇಳಿ. ಬೆಂಗಳೂರಿನಲ್ಲಿ ಈಚೆಗೆ ದೋಸೆ ಅಂದರೆ ಮೂರು ಅಡಿ ಉದ್ದದ ಕಾಗದದ ಸುರುಳಿ. ತಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತೆ. ಎರಡು ಬೆರಳಲ್ಲಿ ಮುಟ್ಟಿದರೆ ಪುಡಿ. ಮುಳಬಾಗಿಲಿನದು ಹಾಗಲ್ಲ. ಗಾತ್ರದಲ್ಲಿ ಪುಟ್ಟದು, ಮೈಯಲ್ಲಿ ದಪ್ಪ. ಅಂಚು ಮತ್ತು ಹೊರಮೈ ಹೊಂಬಣ್ಣಕ್ಕೆ ತಿರುಗಿ ಗರಿಗರಿ, ಒಳಗೆ ಕೈ ಇಟ್ಟರೆ ಹತ್ತಿ. ಒಳಮೈಗೆ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಒಂದು ಮುದ್ದೆ ಇಟ್ಟು ಮಡಚಿ ಕೊಡುತ್ತಾರೆ. ಮೊದಲ ತುತ್ತಿಗೆ ಕುರುಮ್, ಎರಡನೆಯದಕ್ಕೆ ಮೆತ್ತಗೆ, ಮೂರನೆಯದಕ್ಕೆ ಖಾರ ತಲೆಗೆ ಏರಿ ಕಣ್ಣಲ್ಲಿ ನೀರು. ಎಂಟ್ರಿ ಫೈಟು, ಆಮೇಲೆ ಡ್ಯುಯೆಟ್, ಇಂಟರ್ವಲ್ ಹೊತ್ತಿಗೆ ಸೆಂಟಿಮೆಂಟು.... ಪೂರ್ತಿ ಪಿಕ್ಚರ್!

ಗುಟ್ಟೇನು ಅಂತ ಕಾವಲಿಯ ಮುಂದೆ ನಿಂತಿದ್ದ ಯಜಮಾನರನ್ನೇ ಕೇಳಿದೆ. ಐವತ್ತು ದಾಟಿದ ಮನುಷ್ಯ, ಬನಿಯನ್ನು, ಹೆಗಲಿಗೆ ಟವೆಲ್ಲು.

‘ಗುಟ್ಟೇನೂ ಇಲ್ಲ ಸಾರ್. ಅಕ್ಕಿ, ಉದ್ದು, ಒಂದ್ ಹಿಡಿ ಅವಲಕ್ಕಿ, ಚೂರು ಮೆಂತ್ಯ. ಕೆಲವ್ರು ಸಬ್ಬಕ್ಕಿ ಹಾಕ್ತಾರೆ. ರಾತ್ರಿ ಪೂರ್ತಿ ಹುದುಗಬೇಕು. ಕಾವ್ಲಿ ದಪ್ಪ ಇರ್ಬೇಕು, ಉರಿ ಹದವಾಗಿರ್ಬೇಕು, ಕೈ ಅವಸರ ಮಾಡ್ಬಾರ್ದು. ಅಷ್ಟೇಯ.’

ಅಷ್ಟೇಯ ಅಂದರು, ಆದರೆ ಅಲ್ಲೇ ಅರ್ಧ ಗಂಟೆ ನಿಂತು ನೋಡಿದ ಮೇಲೆ ನನಗೆ ತಿಳಿದದ್ದು ಬೇರೆ. ಕಾವಲಿ ಎರಕದ ಕಬ್ಬಿಣದ್ದು, ಬಲು ದಪ್ಪ. ಬಿಸಿಯಾಗಲು ಹೊತ್ತು ಬೇಕು. ಒಮ್ಮೆ ಕಾದರೆ ತಣ್ಣನೆ ಹಿಟ್ಟು ಬಿದ್ದರೂ ಅದರ ಬಿಸಿ ಬೇಗ ಇಳಿಯುವುದಿಲ್ಲ. ಪೊರಕೆಯಿಂದ ನೀರು ಚಿಮುಕಿಸಿ ಗುಡಿಸುತ್ತಾರೆ. ಚುಂಯ್ ಅನ್ನುವ ಸದ್ದಿನಲ್ಲೇ ಉರಿ ಎಷ್ಟಿದೆ ಅಂತ ಲೆಕ್ಕ. ಹುಯ್ದ ಹಿಟ್ಟನ್ನು ತೆಳ್ಳಗೆ ತೀಡುವುದಿಲ್ಲ, ಎರಡು ಸುತ್ತಿಗೆ ಬಿಡುತ್ತಾರೆ. ಹುದುಗಿದ ಹಿಟ್ಟಿನಲ್ಲಿರುವ ಗುಳ್ಳೆಗಳು ಒಡೆದು ಮೇಲೆಲ್ಲ ಸಣ್ಣ ಸಣ್ಣ ತೂತು ಬೀಳುತ್ತವೆ. ತುಪ್ಪ ಆ ತೂತಿನಲ್ಲಿ ಇಳಿದು ಕೆಳಗಿನ ಮೈಯನ್ನು ಕರಿಯುತ್ತದೆ, ಮೇಲ್ಮೈ ಆವಿಯಲ್ಲಿ ಬೇಯುತ್ತದೆ. ಅಂದರೆ ಒಂದೇ ದೋಸೆಯಲ್ಲಿ ಕೆಳಗೆ ಬೋಂಡಾ, ಮೇಲೆ ಇಡ್ಲಿ! ತೆಳ್ಳಗೆ ತೀಡಿದರೆ ಈ ಆಟ ನಡೆಯುವುದಿಲ್ಲ. ಅವಸರದ ಹೋಟೆಲಿನಲ್ಲಂತೂ ನಡೆಯುವುದೇ ಇಲ್ಲ, ಯಾಕೆಂದರೆ ದಪ್ಪ ದೋಸೆ ಬೇಯಲು ತೆಳು ದೋಸೆಗಿಂತ ಹೆಚ್ಚು ಹೊತ್ತು ಬೇಕು. ಹೆಚ್ಚು ಹೊತ್ತು ಅಂದರೆ ಗಂಟೆಗೆ ಕಡಿಮೆ ದೋಸೆ, ಕಡಿಮೆ ಗಲ್ಲಾ.

‘ಬೆಂಗ್ಳೂರಲ್ಲಿ ನಿಮ್ಮೂರ ಹೆಸರಲ್ಲಿ ಎಷ್ಟು ಬೋರ್ಡು ಇದೆ ಗೊತ್ತಾ ಯಜಮಾನ್ರೆ?’

‘ಗೊತ್ತು ಸಾರ್. ಅಲ್ಲಿ ಹುಯ್ಯೋರಲ್ಲಿ ನಮ್ ಹುಡುಗ್ರೂ ಅವ್ರೆ. ಇಲ್ಲಿ ಕಲೀತಾರೆ, ಹೋಗ್ತಾರೆ. ತಪ್ಪೇನಿದೆ? ಅಲ್ಲಿ ಸಂಬ್ಳ ಜಾಸ್ತಿ.’

‘ನಿಮ್ಮ ಮಗ?’

‘ನರಸಾಪುರದ ಫ್ಯಾಕ್ಟ್ರಿ. ಕಂಪ್ನಿ ಬಸ್ಸು ಊರಿಗೇ ಬರುತ್ತೆ. ಈ ಹೊಗೇಲಿ ಯಾಕ್ ನಿಲ್ತಾನೆ?’

ನರಸಾಪುರ ಅಂದರೆ ಕೋಲಾರದ ಈಚೆಗಿನ ಕೈಗಾರಿಕಾ ಪ್ರದೇಶ. ಹೋಂಡಾ ಸ್ಕೂಟರು ತಯಾರಾಗುವುದು ಅಲ್ಲಿ, ಐಫೋನ್ ಜೋಡಿಸುವುದೂ ಅಲ್ಲಿ. ನಾಡಿಗೆಲ್ಲ ಒಳ್ಳೆಯದೇ. ಆದರೆ ಬೆಳಗಿನ ಜಾವ ಎದ್ದು ಕಾವಲಿ ಕಾಯಿಸುವವರು ಇನ್ನು ಹತ್ತು ವರ್ಷ ಬಿಟ್ಟು ಯಾರು? ಆ ಮನುಷ್ಯನ ಪಕ್ಕದಲ್ಲಿ ಹಿಟ್ಟಿನ ಪಾತ್ರೆ ಎತ್ತಿಕೊಡುತ್ತಿದ್ದವನು ಬಿಹಾರದ ಹುಡುಗ. ತೆಲುಗು ಕಲಿತಿದ್ದಾನೆ, ಕನ್ನಡ ಅರ್ಧ ಬರುತ್ತದೆ, ದೋಸೆ ಹುಯ್ಯಲು ಇನ್ನೂ ಕೈ ಬಿಟ್ಟಿಲ್ಲ. ‘ಕಲೀತಾನೆ ಬಿಡಿ, ಕೈ ಮೆತ್ತಗಿದೆ’ ಅಂದರು ಯಜಮಾನರು. ನನಗೆ ಆ ಮಾತು ಹಿಡಿಸಿತು. ಕನ್ನಡದ ಹೀರೋಯಿನ್ನುಗಳು ಮುಂಬಯಿಯಿಂದ ಬರಬಹುದಾದರೆ ಮುಳಬಾಗಿಲಿನ ಮುಂದಿನ ದೋಸೆ ಭಟ್ಟ ಬಿಹಾರದಿಂದ ಬಂದರೆ ಏನಾಯ್ತು!

ಚಟ್ನಿಯ ಬಣ್ಣ ಅವತ್ತು ಬಲು ಕೆಂಪಗಿತ್ತು. ಟೊಮೇಟೊ ಅಗ್ಗ ಇರಬೇಕು ಅಂದೆ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ನಕ್ಕರು, ಖುಷಿಯಿಂದಲ್ಲ. ಈ ತಾಲ್ಲೂಕಿನ ವಡ್ಡಹಳ್ಳಿಯಲ್ಲಿ ಟೊಮೇಟೊ ಮಾರ್ಕೆಟ್ಟೇ ಇದೆ, ಕೋಲಾರದ ಮಂಡಿಯಂತೂ ದೇಶಕ್ಕೇ ಗೊತ್ತು. 2023ರ ಜುಲೈನಲ್ಲಿ ಅಲ್ಲಿ ಹದಿನೈದು ಕಿಲೋ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದರು. ಬೆಲೆ ಬಿದ್ದ ವರ್ಷ ಇದೇ ಹಣ್ಣು ರಸ್ತೆ ಬದಿಗೆ ಸುರಿಯುತ್ತಾರೆ. ಪ್ರೊಡ್ಯೂಸರ್ ಬದುಕು ಇದಕ್ಕಿಂತ ವಾಸಿ, ಅವನಿಗೆ ಸ್ಯಾಟಲೈಟ್ ಹಕ್ಕಾದರೂ ಇರುತ್ತೆ!

‘ನದಿ ಇಲ್ದಿರೋ ಜಿಲ್ಲೆ ಸಾಮಿ ನಮ್ದು’ ಅಂದರು ಆ ರೈತರು. ‘ಹಾಲು ಬೆಂಗ್ಳೂರಿಗೆ, ಟೊಮೇಟೊ ಬೆಂಗ್ಳೂರಿಗೆ, ದೋಸೆ ಹುಯ್ಯೋರೂ ಬೆಂಗ್ಳೂರಿಗೆ. ಅವ್ರು ನಮಗೆ ಕಳ್ಸೋದು ಏನು ಗೊತ್ತಾ? ಬಳ್ಸಿದ್ ನೀರು!’

ತಮಾಷೆಯಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಅಲ್ಲಿಯ ತನಕ ಸಾವಿರ ಅಡಿಗೂ ಮೀರಿ ಬೋರು ಕೊರೆದು ಸೋತವರ ಜಿಲ್ಲೆ ಇದು. ಕೆರೆ ತುಂಬಿದ್ದು ಸಂತೋಷ. ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತವೂ ಬೇಕು ಅನ್ನುವ ಜಗಳ ನಿಂತಿಲ್ಲ. ಹೋಟೆಲಿನ ಲೋಟದಲ್ಲಿ ನೀರು ಅರ್ಧ ಬಿಟ್ಟು ಏಳುವ ಅಭ್ಯಾಸ ಇದ್ದರೆ ಈ ಸೀಮೆಯಲ್ಲಿ ಅದನ್ನು ಬಿಡಿ.

ದೋಸೆ, ಮೇಲೊಂದು ಕಾಫಿ. ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬಂತು. ಗೆಳೆಯ ಇನ್ನೊಂದು ಅಂದ. ಕೊಡಿಸಿದೆ. ಹನ್ನೊಂದು ಗಂಟೆಗೆ ಹಿಟ್ಟು ಖಾಲಿ, ಬಾಗಿಲು ಅರ್ಧ ಮುಚ್ಚಿತು. ಮ್ಯಾಟಿನಿಗೆ ಬರುವವರಿಗೆ ಟಿಕೆಟ್ ಇಲ್ಲ, ಮಾರ್ನಿಂಗ್ ಶೋ ಒಂದೇ!

ಕುರುಡುಮಲೆ ಅಲ್ಲಿಂದ ಹತ್ತು ಕಿಲೋಮೀಟರಿನ ಒಳಗೇ. ಬಸ್ಸು ಕಡಿಮೆ, ಆಟೋ ಸಿಗುತ್ತದೆ. ದಾರಿಯುದ್ದಕ್ಕೂ ಬಂಡೆ, ಮಾವು, ಹುಣಸೆ. ಹೆಸರು ಕೇಳಿ ಯಾರೋ ಕುರುಡರ ಕತೆ ಅಂದುಕೊಳ್ಳಬೇಡಿ, ಅದು ಕೂಡುಮಲೆ. ದೇವತೆಗಳು ಕೂಡಿದ ಮಲೆ ಅಂತ ಊರವರು ಹೇಳುತ್ತಾರೆ. ತ್ರಿಮೂರ್ತಿಗಳೇ ಪ್ರತಿಷ್ಠೆ ಮಾಡಿದ ಗಣಪ ಅನ್ನುವುದು ಸ್ಥಳಪುರಾಣ. ಪುರಾಣ ನಂಬಿ ಬಿಡಿ, ಒಳಗೆ ಹೋದಾಗ ಕತ್ತು ಮೇಲೆತ್ತಲೇಬೇಕು. ಹದಿಮೂರು ಅಡಿಗೂ ಮೀರಿದ ಒಂಟಿ ಕಲ್ಲಿನ ಮೂರ್ತಿ! ಸ್ಟುಡಿಯೋ ಸೆಟ್ಟಿನಲ್ಲಿ ಪ್ಲಾಸ್ಟರಿನಲ್ಲಿ ಇಷ್ಟೆತ್ತರ ಮಾಡಿದರೂ ನಾವು ಬಾಯಿ ಬಿಡುತ್ತೇವೆ. ಇದು ಕಪ್ಪು ಕಲ್ಲು, ಹಣತೆಯ ಬೆಳಕು, ಲೈಟ್ ಬಾಯ್ ಬೇಕಾಗಿಲ್ಲ.

ನಮ್ಮ ಓದುಗರಿಗೆ ಹೇಳಬೇಕಾದ ಕತೆ ಪಕ್ಕದ ಸೋಮೇಶ್ವರ ದೇವಸ್ಥಾನದ್ದು. ಗಣಪನ ಗುಡಿಗಿಂತ ಹಳೆಯದು, ಚೋಳರ ಕಾಲದ್ದು ಅನ್ನುತ್ತಾರೆ. ಅರ್ಧ ಭಾಗ ಜಕಣಾಚಾರಿ ಕೆತ್ತಿದ್ದು, ಉಳಿದರ್ಧ ಅವನ ಮಗ ಡಂಕಣ ಕೆತ್ತಿದ್ದು ಅಂತ ಇಲ್ಲಿನವರ ಮಾತು. ನೋಡಿದರೆ ಎರಡು ಕಡೆಯ ಕೆತ್ತನೆಯಲ್ಲಿ ಫರಕು ಕಾಣುತ್ತದೆ. ಮಗನ ಕಡೆಯದು ನಾಜೂಕು ಅಂತ ಊರವರ ತೀರ್ಪು. ‘ಅಮರಶಿಲ್ಪಿ ಜಕಣಾಚಾರಿ’ ನೆನಪಿದೆಯೇ? ಬಿ.ಎಸ್. ರಂಗಾ ಅವರದು, ಕಲ್ಯಾಣ್‌ಕುಮಾರ್, ಸರೋಜಾದೇವಿ. 1964ರಲ್ಲಿ ಬಂದ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅಪ್ಪ ಮಗನ ಆ ಕತೆಗೆ ಬೇಲೂರು ಒಂದೇ ಊರು ಅಂತ ಎಲ್ಲರ ಲೆಕ್ಕ. ಕುರುಡುಮಲೆಯವರು ಒಪ್ಪುವುದಿಲ್ಲ! ಅಪ್ಪನ ಕೆಲಸಕ್ಕೆ ಮಗ ಉಳಿ ಹಿಡಿದ ಈ ಕಲ್ಲಿನ ಮುಂದೆ ನಿಂತಾಗ, ಬೆಳಗ್ಗೆ ಕಂಡ ಬನಿಯನ್ನಿನ ಮನುಷ್ಯ ನೆನಪಾದರು.

ತಿನ್ನಲು ಇಲ್ಲಿ ಏನಿದೆ? ಹೋಟೆಲು ಅನ್ನುವಂಥದ್ದು ಇಲ್ಲ. ಗುಡಿಯ ಮುಂದೆ ಎಳನೀರು, ಉಪ್ಪುಖಾರ ಹಚ್ಚಿದ ಸೌತೆಕಾಯಿ, ಚುರುಮುರಿ, ಒಂದು ಟೀ ಅಂಗಡಿ. ಟೀಯಲ್ಲಿ ಹಾಲು ಗಟ್ಟಿ; ಹಾಲಿನ ಜಿಲ್ಲೆಯಲ್ಲವೇ! ಬಾರು, ಪಬ್ಬು ಅಂತ ಹುಡುಕುವ ಪೈಕಿಯವರು ಮೊದಲೇ ತಿಳಿದುಕೊಳ್ಳಿ, ಮಲೆಯ ಮೇಲೆ ಅದೆಲ್ಲ ನಡೆಯುವುದಿಲ್ಲ. ಇಷ್ಟು ಪ್ರಶಾಂತವಾದ ಜಾಗದಲ್ಲಿ ಬಂಡೆ ಸಂದಿಯಲ್ಲಿ ಬಾಟಲಿ ಚೂರು ಕಂಡು ಬೇಸರವಾಯಿತು. ನೀವಲ್ಲ, ನಿಮ್ಮ ಹಿಂದಿನ ಬೆಂಚಿನವನು ಇರಬೇಕು.

ಟೀ ಅಂಗಡಿಯಲ್ಲಿ ಮಾತು ಸಿನಿಮಾಕ್ಕೆ ತಿರುಗಿತು. ಗಡಿ ಸೀಮೆ ಇದು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಒಬ್ಬ ಹುಡುಗ ‘ಕೆಜಿಎಫ್’ ಅಂದರೆ ಇನ್ನೊಬ್ಬ ‘ಪುಷ್ಪ’ ಅನ್ನುತ್ತಾನೆ. ಕೈಕೈ ಮಿಲಾಯಿಸುವ ಹೊತ್ತಿಗೆ ಅಂಗಡಿಯ ಅಜ್ಜಿ ಒಂದು ಹೆಸರು ಹೇಳಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದರು. ‘ನಮ್ ಸೌಂದರ್ಯ ಇದ್ದಿದ್ರೆ....’

ಹೌದು ಮಿತ್ರರೆ. ನಟಿ ಸೌಂದರ್ಯ ಈ ಮುಳಬಾಗಿಲು ತಾಲ್ಲೂಕಿನ ಗಂಗಿಗುಂಟೆಯವರು. 1992ರಲ್ಲಿ ‘ಗಂಧರ್ವ’ದಿಂದ ಬಂದು, ತೆಲುಗಿನಲ್ಲಿ ಮನೆಮನೆಯ ಹೆಣ್ಣುಮಗಳಾಗಿ, ಆ ದುಡ್ಡು ಹಾಕಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನಿರ್ಮಿಸಿದರು. ಅದಕ್ಕೆ ಸ್ವರ್ಣಕಮಲ ಬಂತು. 2004ರ ಏಪ್ರಿಲ್ 17ರಂದು ಜಕ್ಕೂರಿನಲ್ಲಿ ಹಾರಿದ ಪುಟ್ಟ ವಿಮಾನ ಬಿದ್ದು ಅಣ್ಣನ ಜತೆ ತೀರಿಕೊಂಡರು. ‘ಆಪ್ತಮಿತ್ರ’ ಆಗಸ್ಟಿನಲ್ಲಿ ತೆರೆ ಕಂಡು ವರ್ಷಗಟ್ಟಲೆ ಓಡಿದಾಗ ಆಕೆ ಇರಲಿಲ್ಲ. ಅಜ್ಜಿ ಟೀಗೆ ದುಡ್ಡು ತೆಗೆದುಕೊಂಡರು, ಬಿಸ್ಕತ್ತಿಗೆ ಬೇಡ ಅಂದರು.

ಮಧ್ಯಾಹ್ನ ಮುಳಬಾಗಿಲಿಗೆ ಮರಳಿ ಮುದ್ದೆ ಊಟ. ರಾಗಿಮುದ್ದೆ, ಬಸ್ಸಾರು, ಜತೆಗೆ ಹಸಿ ಈರುಳ್ಳಿ. ಅವರೆಕಾಯಿ ಕಾಲದಲ್ಲಿ ಹೋದರೆ ಹಿದಕಬೇಳೆ ಸಾರು ಸಿಗುತ್ತದೆ. ಅದಕ್ಕಾಗಿ ಡಿಸೆಂಬರಿನಲ್ಲೇ ಹೋಗಬಹುದು. ಮುದ್ದೆ ಅಗಿಯಬೇಡಿ, ನುಂಗಿ! ಅಗಿದ ನಮ್ಮ ಗೆಳೆಯನನ್ನು ಎದುರಿನ ಮೇಜಿನವರು ಅಯ್ಯೋ ಪಾಪ ಅಂತ ನೋಡಿದರು.

ಬೇತಮಂಗಲದ ಮೇಲೆ ಕೆಜಿಎಫ್‌ಗೆ ಬಸ್ಸು. ಯಶ್ ಅವರ ಎರಡು ಪಿಕ್ಚರು, 2018 ಮತ್ತು 2022ರಲ್ಲಿ ಬಂದ ಮೇಲೆ, ಸೈನೈಡ್ ದಿಬ್ಬ ನೋಡಬೇಕು ಅಂತ ಹುಡುಗರು ಬೈಕು ಓಡಿಸಿಕೊಂಡು ಬರುತ್ತಾರೆ. ನಿಜವಾದ ಕತೆ ಬೇರೆ. ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡ ಊರು, ಈಗ ಬೆಳಗಾದರೆ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುತ್ತದೆ. ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳು ರುಚಿಯ ಪರೋಟ, ಸಾಲ್ನಾ. ಬಾರ್ ಅಂಡ್ ರೆಸ್ಟೋರೆಂಟುಗಳೂ ಇವೆ, ಕತ್ತಲು ಹೆಚ್ಚು, ಕಬಾಬು ಒಣಕಲು. ಪರೋಟಕ್ಕೆ ಕೂಡಿ, ಬಾರಿಗೆ ಬೇಡ. ಇದು ನನ್ನ ಓಟು.

ಕೊನೆಯ ರೀಲು ಬಂಗಾರಪೇಟೆಯಲ್ಲಿ. ಬ್ರಿಟಿಷರ ಕಾಲದ ಬೌರಿಂಗ್‌ಪೇಟೆ. ಇಲ್ಲಿನ ಪಾನಿಪುರಿಯ ಹೆಸರೂ ಮುಳಬಾಗಿಲಿನ ದೋಸೆಯ ಹಾಗೆ ಬೆಂಗಳೂರಿನ ಬೀದಿಬೀದಿಯಲ್ಲಿ ಬೋರ್ಡಾಗಿದೆ. ಬೇರೆ ಕಡೆ ಪಾನಿ ಅಂದರೆ ಪುದೀನದ ಹಸಿರು ನೀರು. ಇಲ್ಲಿನದು ನೋಡಲು ಬರೀ ನಲ್ಲಿ ನೀರು, ಬಣ್ಣವೇ ಇಲ್ಲ! ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಗುತ್ತದೆ, ಬಿಳಿ ಸೀರೆ ಉಟ್ಟ ವಿಲನ್! ಹಸಿಮೆಣಸಿನ ಖಾರ, ಹುಳಿ, ಮಸಾಲೆ ಎಲ್ಲ ಆ ತಿಳಿನೀರಿನಲ್ಲಿ ಅಡಗಿ ಕೂತಿರುತ್ತವೆ. ಬೆಂಗಳೂರಿನ ಬೋರ್ಡುಗಳ ಕೆಳಗೆ ಮೂರು ಕಡೆ ತಿಂದಿದ್ದೇನೆ; ನೀರು ತಿಳಿಯಾಗಿಯೇ ಇತ್ತು, ಪೆಟ್ಟು ಇರಲಿಲ್ಲ. ಇಲ್ಲಿ ಆರನೆಯ ಪುರಿಗೆ ಗೆಳೆಯ ಮೂಗು ಒರೆಸಿಕೊಂಡ. ಎಂಟನೆಯದಕ್ಕೆ ಕೈ ಮುಗಿದ. ಅಂಗಡಿಯ ಹುಡುಗ, ‘ಇನ್ನೊಂದು ತಗೊಳ್ಳಿ ಅಣ್ಣ, ಒಣ ಪುರಿ, ಫ್ರೀ’ ಅಂದ.

ಅಷ್ಟರಲ್ಲಿ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನ ಶಿಳ್ಳೆ ಕೇಳಿತು. ಗೆಳೆಯ ಕ್ಯಾಮೆರಾ ಹಿಡಿದುಕೊಂಡು ಓಡಿದ, ನಾನು ದುಡ್ಡು ಕೊಟ್ಟು ಓಡಿದೆ. ಭಾನುವಾರ ಸಂಜೆಯ ರೈಲು, ಕೂರಲು ಜಾಗ ಇರಲಿಲ್ಲ.